ವಿಶ್ರಾಂತಿ ವೇತನದ ಕಾಗದಗಳು ಮತ್ತು ನಮ್ಮ ಮನೆಗಳು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಸಭೆಯಲ್ಲಿ ನಾಡುನುಡಿಗಳ ಹಿರಿಮೆಯನ್ನು ಕುರಿತೋ, ಶರಣರ ನಡೆನುಡಿಗಳನ್ನು ಕುರಿತೋ ಮಾತನಾಡುವದು ನಮ್ಮಲ್ಲಿ ವಾಡಿಕೆ. ಅಂಥ ವಿಷಯಗಳನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾವು ಪಂಡಿತರಲ್ಲ. ಸರಕಾರಿ ಕಚೇರಿಯ ಒಂದು ಮೂಲೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಕಾರಕೂನಿಕೆ ಮಾಡಿ, ಪರರ ಸೇವಾ ಪುಸ್ತಕಗಳನ್ನು ಬರೆಯುತ್ತ ಕಣ್ಣು ಮಂದ ಮಾಡಿಕೊಂಡವರು. ಆದುದರಿಂದ ಕಾರ್ಯದರ್ಶಿಗಳು ಮನೆಗೆ ಬಂದು, “ನಮ್ಮವರ ಉಪಯೋಗಕ್ಕೆ ಬೀಳುವ ನಾಲ್ಕು ಮಾತು ಹೇಳಿರಿ” ಎಂದಾಗ, ನಾವು ಬಲ್ಲ ಒಂದೇ ವಿಷಯವನ್ನು ಆರಿಸಿಕೊಂಡೆವು. ಅದು ವಿಶ್ರಾಂತಿ ವೇತನದ ವಿಷಯ.

ಕನ್ನಡ ಸಂಘದಲ್ಲಿ ಪೆನ್ಶನ್ನಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡ ಮನೆಗಳಲ್ಲಿ ಸರಕಾರದ ಕೆಲಸಕ್ಕೆ ಸೇರಿದ ಮಾಸ್ತರರು, ತಲಾಠಿಗಳು, ಕಾರಕೂನರು, ಸಿಪಾಯಿಗಳು ಅನೇಕರು. ಮನೆಯಲ್ಲಿ ಆಡುವ ಮಾತು ಕನ್ನಡ, ಕಚೇರಿಯಲ್ಲಿ ಬರೆಯುವ ಮಾತು ಮರಾಠಿ, ಆದೇಶದ ಕೆಲವು ಕಾಗದ ಇಂಗ್ಲಿಷು. ಈ ಮೂರರ ನಡುವೆ ಎಲ್ಲಿಯೋ ಒಂದು ಅಕ್ಷರ ತಪ್ಪಿದರೆ ಅದರ ದಂಡವನ್ನು ತೆರುವವರು ಯಾರು? ನಿವೃತ್ತನಾದ ಗಂಡಸು ಹೇಗೋ ಓಡಾಡಿ ತಿದ್ದಿಸಿಕೊಳ್ಳುವನು. ಅವನ ಹಿಂದೆ ಉಳಿಯುವ ಹೆಣ್ಣುಮಗಳು ದಂಡ ತೆರುವಳು. ಇಂದು ನಾವು ಹೇಳಬೇಕಾದುದು ಇಷ್ಟೇ: ವಿಶ್ರಾಂತಿ ವೇತನದ ಕಾಗದವನ್ನು ಕಚೇರಿಯವರು ಓದಿದರೆ ಸಾಲದು, ಅದನ್ನು ಮನೆಯಲ್ಲಿ, ಮನೆಯ ಮಾತಿನಲ್ಲಿ, ಮನೆಯ ಒಡತಿಗೆ ಓದಿ ತಿಳಿಸಬೇಕು.

ಈ ಒಂದು ವೇತನಕ್ಕೆ ನಮ್ಮ ಸೀಮೆಯಲ್ಲಿ ಎಷ್ಟು ಹೆಸರುಗಳೆಂಬದನ್ನು ನೋಡಿರಿ. ನಮ್ಮ ಅಜ್ಜಂದಿರು ಅದನ್ನು ‘ವಜೀಫಾ’ ಎನ್ನುತ್ತಿದ್ದರು. ನಿಜಾಮರ ಕಾಲದ ಉರ್ದು ಕಾಗದಗಳಲ್ಲಿ ಅದರ ಪೂರ್ಣ ಹೆಸರು ‘ವಜೀಫಾ-ಎ-ಹುಸ್ನ್-ಎ-ಖಿದ್ಮತ್’, ಅಂದರೆ ಒಳ್ಳೆಯ ಸೇವೆಗೆ ಸಲ್ಲುವ ವೇತನ. ಮರಾಠಿಯಲ್ಲಿ ‘ನಿವೃತ್ತಿವೇತನ’. ಕನ್ನಡದಲ್ಲಿ ‘ವಿಶ್ರಾಂತಿ ವೇತನ’, ‘ಪಿಂಚಣಿ’. ಬಾಯಿಮಾತಿನಲ್ಲಿ ಎಲ್ಲರಿಗೂ ‘ಪೆನ್ಶನ್’. ಹೆಸರು ಬೇರೆಯಾದಂತೆ ನಮ್ಮ ಹಿರಿಯರ ಮೇಲಿನ ಸರಕಾರವೂ ಬೇರೆಯಾಗುತ್ತ ಬಂದಿತು.

1948ರ ಸೆಪ್ಟೆಂಬರ 17ರಂದು ಹೈದರಾಬಾದ ಸಂಸ್ಥಾನವು ಭಾರತಕ್ಕೆ ಶರಣಾಯಿತು. ಆಗ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಹೆಗೆ ಸೇರಿದ್ದವು. ಉಮರ್ಗಾ ಉಸ್ಮಾನಾಬಾದ ಜಿಲ್ಹೆಯಲ್ಲಿತ್ತು. 1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಪಟ್ಟಣವು ಮೈಸೂರು ರಾಜ್ಯಕ್ಕೆ ಹೋಯಿತು. ಅದರ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಬಂದವು. 1960ರ ಮೇ 1ರಿಂದ ಅದೇ ನೆಲ ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರ ಜಿಲ್ಹೆ ಬೇರೆಯಾಗಿ ಉದಗೀರ, ನಿಲಂಗಾಗಳು ಅದರೊಳಗೆ ಸೇರಿದವು. ಉಸ್ಮಾನಾಬಾದಕ್ಕೆ 2023ರಿಂದ ಧಾರಾಶಿವವೆಂಬ ಹೆಸರು. ಹೀಗೆ ಒಬ್ಬ ಮನುಷ್ಯ ತನ್ನ ಕುರ್ಚಿಯನ್ನು ಬಿಟ್ಟು ಏಳದೆಯೇ ಮೂರು ಸರಕಾರಗಳ ನೌಕರನಾಗಿದ್ದನು.

ಅವನ ಸೇವಾ ಪುಸ್ತಕದ ಸ್ಥಿತಿ ಏನಾಗಿದ್ದೀತು! ಮೊದಲ ಹಾಳೆಗಳು ಉರ್ದುವಿನಲ್ಲಿ, ತಾರೀಖು ಫಸಲಿಯಲ್ಲಿ. ಹೈದರಾಬಾದಿನ ಫಸಲಿ ವರ್ಷವು ಅಕ್ಟೋಬರದ ಮೊದಲ ವಾರದಲ್ಲಿ, ಆಜೂರ ಮಾಸದಿಂದ ಆರಂಭವಾಗುತ್ತಿತ್ತು. 1357ನೆಯ ಫಸಲಿ ಎಂದರೆ 1947ರ ಅಕ್ಟೋಬರದಿಂದ 1948ರ ಅಕ್ಟೋಬರದವರೆಗೆ. ಅಕ್ಟೋಬರದಿಂದ ಡಿಸೆಂಬರದೊಳಗಿನ ತಾರೀಖಾದರೆ 590, ಜನವರಿಯ ಅನಂತರದ್ದಾದರೆ 591 ಕೂಡಿಸಬೇಕು. ಈ ಒಂದರ ಹೆಚ್ಚುಕಡಿಮೆಯಿಂದ ಮನುಷ್ಯ ಒಂದು ವರ್ಷ ಮೊದಲೇ ಮುದುಕನಾಗಲೂಬಹುದು. ಸಂಬಳವು ಹಾಲಿ ಸಿಕ್ಕಾದಲ್ಲಿ. ಏಳು ಹಾಲಿ ರೂಪಾಯಿಗೆ ಆರು ಕಲದಾರ ರೂಪಾಯಿ. ಇದೆಲ್ಲವನ್ನೂ ಮರಾಠಿ ಕಚೇರಿಯಲ್ಲಿ ಕುಳಿತು ಲೆಕ್ಕಕ್ಕೆ ತರಬೇಕಾಯಿತು. ಆದರೂ ಆ ಕಾಲದ ಶಾಸನವು ನೌಕರನನ್ನು ನಡುನೀರಿನಲ್ಲಿ ಬಿಡಲಿಲ್ಲ. 1956ರ ಪುನರ್ವಿಂಗಡಣಾ ಶಾಸನದ 115ನೆಯ ಕಲಮು, ಕೇಂದ್ರ ಸರಕಾರದ ಮುಂಗಡ ಒಪ್ಪಿಗೆಯಿಲ್ಲದೆ ಅಂಥ ನೌಕರರ ಸೇವಾ ನಿಬಂಧನೆಗಳನ್ನು ಅವರಿಗೆ ಹಾನಿಯಾಗುವಂತೆ ಬದಲಿಸಕೂಡದೆಂದು ಕಟ್ಟು ಮಾಡಿತು. ಗಡಿ ಬದಲಾದರೂ ದುಡಿಮೆಯ ಋಣ ಬದಲಾಗದೆಂಬ ನ್ಯಾಯವು ಅದರಲ್ಲಿದೆ.

ಅದೇ ನ್ಯಾಯವನ್ನು 1982ರ ಡಿಸೆಂಬರ 17ರಂದು ಸರ್ವೋಚ್ಚ ನ್ಯಾಯಾಲಯವು ನಕಾರಾ ಎಂಬವರ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಸಾರಿತು. ವಿಶ್ರಾಂತಿ ವೇತನವು ಧಣಿಯ ಮರ್ಜಿಯಿಂದ ಬರುವ ಇನಾಮಲ್ಲ, ಸಂದ ಸೇವೆಗೆ ಸಲ್ಲುವ ಹಕ್ಕು ಎಂಬದು ಆ ತೀರ್ಪಿನ ಸಾರ. ಆ ದಿನವನ್ನು ಪೆನ್ಶನರರ ದಿನವೆಂದು ದೇಶದಲ್ಲೆಲ್ಲ ಆಚರಿಸುತ್ತಾರೆ. ನಮ್ಮ ಜನ ಅರ್ಜಿ ಹಿಡಿದು ಕಚೇರಿಯ ಬಾಗಿಲಲ್ಲಿ ಕೈಮುಗಿದು ನಿಲ್ಲುವದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಕೈಮುಗಿಯುವದು ನಮ್ಮ ಸಂಸ್ಕಾರ, ಅದು ಇರಲಿ. ಆದರೆ ಬೇಡುವವನ ಅಂಜಿಕೆ ಬೇಡ. ಇದು ಬೇಡುವ ಅರ್ಜಿಯಲ್ಲ, ಕೊಟ್ಟಿಟ್ಟುದನ್ನು ಮರಳಿ ಕೇಳುವ ಅರ್ಜಿ.

ಇನ್ನು ಸಿಗುವದೇನು ಎಂಬದನ್ನು ಸಂಕ್ಷೇಪವಾಗಿ ಹೇಳುವೆವು. ಮಹಾರಾಷ್ಟ್ರದಲ್ಲಿ 2005ರ ನವೆಂಬರ 1ಕ್ಕಿಂತ ಮೊದಲು ನೌಕರಿಗೆ ಸೇರಿದವರಿಗೆ 1982ರ ನಿವೃತ್ತಿವೇತನ ನಿಯಮಗಳು ಅನ್ವಯಿಸುತ್ತವೆ. ನಿವೃತ್ತಿಯ ವಯಸ್ಸು ಸಾಮಾನ್ಯವಾಗಿ 58. ನಾಲ್ಕನೆಯ ವರ್ಗದವರಿಗೆ 60. ಅರ್ಹ ಸೇವೆ ಕನಿಷ್ಠ 10 ವರ್ಷವಾದರೂ ಇರಬೇಕು. ಪೂರ್ಣ ವಿಶ್ರಾಂತಿ ವೇತನವೆಂದರೆ ಕೊನೆಯ ಮೂಲವೇತನದ ಅರ್ಧ. ಲೆಕ್ಕದ ಅನುಕೂಲಕ್ಕಾಗಿ ಒಬ್ಬರ ಕೊನೆಯ ಮೂಲವೇತನವನ್ನು 60,000 ರೂಪಾಯಿ ಎಂದು ಹಿಡಿಯೋಣ. ಅವರ ವಿಶ್ರಾಂತಿ ವೇತನ 30,000. ಅದರಲ್ಲಿ ನೂರಕ್ಕೆ 40ರವರೆಗೆ, ಅಂದರೆ 12,000ದವರೆಗೆ ಸರಕಾರಕ್ಕೆ ಬಿಟ್ಟುಕೊಟ್ಟು ಅದಕ್ಕೆ ಬದಲಾಗಿ ಇಡಿಗಂಟನ್ನು ಪಡೆಯಬಹುದು. ಇದನ್ನು ಮರಾಠಿ ಕಾಗದಗಳಲ್ಲಿ ‘ಅಂಶರಾಶೀಕರಣ’ ಎನ್ನುತ್ತಾರೆ. ಹಾಗೆ ಮಾಡಿದವರಿಗೆ ತಿಂಗಳಿಗೆ ಕೈಗೆ ಬರುವದು 18,000. ಆದರೆ ತುಟ್ಟಿಭತ್ಯೆ ಮಾತ್ರ ಪೂರ್ಣ 30,000ದ ಮೇಲೆಯೇ. ಬಿಟ್ಟುಕೊಟ್ಟ ಭಾಗವು 15 ವರ್ಷಗಳ ನಂತರ ಮತ್ತೆ ಕೂಡಿಕೊಳ್ಳುವದು. ಈ ಹದಿನೈದನೆಯ ವರ್ಷವನ್ನು ಎಷ್ಟೋ ಮುದುಕರು ಮರೆತುಬಿಡುತ್ತಾರೆ. ತಾರೀಖನ್ನು ಗೋಡೆಯ ಮೇಲಾದರೂ ಬರೆದಿಡಿರಿ.

ಎರಡನೆಯದು ಉಪದಾನ. ಪ್ರತಿಯೊಂದು ಪೂರ್ಣ ಅರ್ಧವರ್ಷದ ಸೇವೆಗೆ ಕಾಲು ತಿಂಗಳ ವೇತನ. 30 ವರ್ಷ ದುಡಿದವನಿಗೆ 60 ಅರ್ಧವರ್ಷಗಳು, ಆದ್ದರಿಂದ 15 ತಿಂಗಳ ವೇತನ. ಇದು ಎಷ್ಟು ಬೆಳೆದರೂ ಹದಿನಾರೂವರೆ ತಿಂಗಳ ವೇತನವನ್ನು ಮೀರದು. ಒಟ್ಟು ಮೊತ್ತಕ್ಕೂ ಸರಕಾರವು ಆಗಾಗ ಗೊತ್ತುಪಡಿಸುವ ಮಿತಿಯುಂಟು. ಮೂರನೆಯದು ಕುಟುಂಬ ನಿವೃತ್ತಿವೇತನ. ನೌಕರನ ಮರಣಾನಂತರ ಹೆಂಡತಿಗೆ ಅಥವಾ ಗಂಡನಿಗೆ ಸಾಮಾನ್ಯ ದರದಲ್ಲಿ ಕೊನೆಯ ವೇತನದ ನೂರಕ್ಕೆ 30, ಅಂದರೆ ನಮ್ಮ ಲೆಕ್ಕದಲ್ಲಿ 18,000, ಮೇಲೆ ತುಟ್ಟಿಭತ್ಯೆ. ಮೊದಲ ಕೆಲವು ವರ್ಷ ಅದಕ್ಕಿಂತ ಹೆಚ್ಚಿನ ದರವೂ ಉಂಟು. ಅಂಗವಿಕಲತೆಯಿಂದ ದುಡಿಯಲಾರದ ಮಗನೋ ಮಗಳೋ ಇದ್ದರೆ, ತಾಯಿತಂದೆಗಳ ನಂತರ ಆ ಮಗುವಿಗೆ ಜೀವಮಾನವೂ ಇದು ಸಲ್ಲಬಹುದು. ಆದರೆ ಆ ಮಗುವಿನ ಹೆಸರು ಕುಟುಂಬದ ಯಾದಿಯಲ್ಲಿ ಇರಬೇಕು. ಮರ್ಯಾದೆಗೆ ಅಂಜಿ ಅಂಥ ಮಗುವಿನ ಹೆಸರನ್ನು ಬರೆಯಿಸದೆ ಬಿಟ್ಟ ಮನೆಗಳನ್ನು ನಾವು ಬಲ್ಲೆವು. ಇದಕ್ಕಿಂತ ದೊಡ್ಡ ಅನ್ಯಾಯವನ್ನು ತಂದೆಯಾದವನು ಮಾಡಲಾರನು.

ಕಾಗದಗಳು ಯಾವಾಗ ಹೊರಡಬೇಕು? ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಕಚೇರಿಯು ಸಿದ್ಧತೆಗೆ ತೊಡಗಬೇಕು. ಆರು ತಿಂಗಳು ಮೊದಲು ಪ್ರಕರಣವು ಮಹಾಲೇಖಾಪಾಲರ ಕಚೇರಿಯ ದಾರಿ ಹಿಡಿದಿರಬೇಕು. ಮರಾಠವಾಡದವರ ಪ್ರಕರಣಗಳು ಹೋಗುವದು ನಾಗಪುರಕ್ಕೆ. ಬಸವಕಲ್ಯಾಣವು ಉಮರ್ಗಾದವರಿಗೆ ನೆರೆಯ ಊರು. ನಾಗಪುರವಾದರೋ ಸುಮಾರು ಐನೂರು ಕಿಲೋಮೀಟರಿನಾಚೆ. ಅಲ್ಲಿಂದ ಆಕ್ಷೇಪಣೆ ಹಚ್ಚಿ ಕಾಗದ ಮರಳಿತೆಂದರೆ ಒಂದು ಸುಗ್ಗಿ ಹೋಗಿ ಇನ್ನೊಂದು ಸುಗ್ಗಿ ಬರುವದುಂಟು. ಜಿಲ್ಹಾ ಪರಿಷತ್ತಿನ ಶಾಲೆಗಳ ಮಾಸ್ತರರ ಮಂಜೂರಾತಿಯು ಜಿಲ್ಹಾ ಪರಿಷತ್ತಿನಲ್ಲಿಯೇ ಆಗುವದು. ಅವರ ದಾರಿ ಹತ್ತಿರದ್ದು, ಆದರೆ ಅಡ್ಡಿಗಳು ಅವೇ.

ಆ ಅಡ್ಡಿಗಳಲ್ಲಿ ಮೊದಲನೆಯದು ಸೇವಾ ಪುಸ್ತಕ. ಪ್ರತಿ ವರ್ಷದ ಸೇವೆಯನ್ನು ಸಂಬಳದ ಪಟ್ಟಿಯೊಡನೆ ತಾಳೆ ನೋಡಿ, ಪರಿಶೀಲಿಸಿದೆ ಎಂದು ಅಧಿಕಾರಿ ಸಹಿ ಮಾಡಬೇಕು. ನೌಕರನು ವರ್ಗವಾಗಿ ಊರಿಂದೂರಿಗೆ ಹೋದಾಗ ಒಂದೆರಡು ವರ್ಷದ ಸಹಿ ಬಿಟ್ಟುಹೋಗುವದು ಸಾಮಾನ್ಯ. ಇಪ್ಪತ್ತು ವರ್ಷಗಳ ಮೇಲೆ ಆ ಹಳೆಯ ಪಟ್ಟಿಯನ್ನು ಹುಡುಕಹೊರಟರೆ ಗೆದ್ದಲು ಅದನ್ನು ನಮಗಿಂತ ಮೊದಲೇ ಪರಿಶೀಲಿಸಿರುತ್ತದೆ. ಎರಡನೆಯದು ವೇತನ ಪಡತಾಳಣಿ. ಹಿಂದೆ ಯಾವಾಗಲೋ ವೇತನ ನಿಶ್ಚಯದಲ್ಲಿ ತಪ್ಪಾಗಿ ಹೆಚ್ಚು ಹಣ ಸಂದಿದ್ದರೆ ಅದು ಈ ಪಡತಾಳಣಿಯಲ್ಲಿ ಹೊರಬೀಳುವದು. ಆಗ ಕೆಲವು ಕಡೆ ಉಪದಾನದಲ್ಲಿ ಕಡಿತ ಮಾಡಲು ನೋಡುತ್ತಾರೆ. ನೌಕರನ ಕಪಟವಿಲ್ಲದೆ ಹಾಗೆ ಸಂದ ಹಣವನ್ನು ಮೂರನೆಯ, ನಾಲ್ಕನೆಯ ವರ್ಗದವರಿಂದಲೂ, ನಿವೃತ್ತರಾದವರಿಂದಲೂ, ನಿವೃತ್ತಿಗೆ ಒಂದು ವರ್ಷದೊಳಗೆ ಬಂದವರಿಂದಲೂ ವಸೂಲು ಮಾಡಲಾಗದೆಂದು 2014ರ ಡಿಸೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯವು ರಫೀಕ ಮಸೀಹ ಎಂಬವರ ಮೊಕದ್ದಮೆಯಲ್ಲಿ ಹೇಳಿದೆ. ಇದನ್ನು ತಿಳಿದಿರುವದು ಒಳ್ಳೆಯದು. ತಿಳಿಯದವನು “ಸರಕಾರದ ಹಣ, ಹೋಗಲಿ” ಎಂದು ಸಹಿ ಹಾಕಿ ಬರುತ್ತಾನೆ.

ಮೂರನೆಯದು ಜನ್ಮ ದಿನಾಂಕ. ನಮ್ಮ ಕಾಲದ ಮಕ್ಕಳು ಹುಟ್ಟಿದ್ದು ಜೋಳದ ಕೊಯ್ಲಿನ ಹೊತ್ತಿಗೋ, ಪಂಚಮಿಯ ಮರುದಿನವೋ ಎಂಬದು ಅವ್ವನಿಗಷ್ಟೇ ಗೊತ್ತು. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಜೂನ 1 ಎಂದು ಬರೆದುಕೊಳ್ಳುತ್ತಿದ್ದರು. ನಿಯಮದಂತೆ ನೌಕರನು ವಯಸ್ಸು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತನಾಗುವನು. ತಿಂಗಳ ಮೊದಲ ದಿನವೇ ಹುಟ್ಟಿದವನಾದರೆ ಹಿಂದಿನ ತಿಂಗಳ ಕೊನೆಯ ದಿನ. ಆದುದರಿಂದಲೇ ನಮ್ಮ ಕಡೆ ಮೇ 31ರಂದು ಸಾಲುಸಾಲಾಗಿ ಹಾರತುರಾಯಿಗಳು ನಡೆಯುತ್ತವೆ. ಅಂದು ಮಾಸ್ತರರ ಕೈಯಲ್ಲಿದ್ದ ಬೋರು ಟಾಕು ಇಂದು ನಮ್ಮ ಅನ್ನದ ದಿನಗಳನ್ನು ಎಣಿಸಿತೆಂದರೆ ತಪ್ಪಲ್ಲ. ಈ ತಾರೀಖನ್ನು ತಿದ್ದಿಸಬೇಕೆನ್ನುವವರು ನೌಕರಿಗೆ ಸೇರಿದ ಐದು ವರ್ಷಗಳೊಳಗೆ ಅರ್ಜಿ ಕೊಡಬೇಕು. ಐವತ್ತಾರನೆಯ ವರ್ಷದಲ್ಲಿ ಜಾತಕ ಹಿಡಿದು ಬಂದರೆ ಉಪಯೋಗವಿಲ್ಲ.

ನಾಲ್ಕನೆಯದು ಹೆಸರು. ಗಡಿಯ ಕನ್ನಡಿಗನ ನಿಜವಾದ ಕಷ್ಟ ಇದೇ ಎಂದು ನಮ್ಮ ಅನುಭವ. ಉದಾಹರಣೆಗಾಗಿ ಒಂದು ಹೆಸರನ್ನು ಹಿಡಿಯುವೆವು. ಇದು ಯಾರೊಬ್ಬರದೂ ಅಲ್ಲ, ನಮ್ಮೆಲ್ಲರದು. ತವರಿನಲ್ಲಿ ನೀಲವ್ವ ಎಂದು ಬೆಳೆದ ಹುಡುಗಿ ಗಡಿಯಾಚೆಯ ಊರಿನಿಂದ ಸೊಸೆಯಾಗಿ ಬರುತ್ತಾಳೆ. ಅವಳ ಶಾಲೆಯ ದಾಖಲೆಯಲ್ಲಿ ನೀಲಮ್ಮ. ಮದುವೆಯ ಅಕ್ಕಿಯ ತಾಟಿನಲ್ಲಿ ಬರೆದ ಹೆಸರು ಬೇರೊಂದು. ಗಂಡನು ಸೇವಾ ಪುಸ್ತಕದ ಕುಟುಂಬದ ಯಾದಿಯಲ್ಲಿ ನೀಲಾಬಾಯಿ ಎಂದು ಬರೆಯಿಸುತ್ತಾನೆ, ಏಕೆಂದರೆ ಕಾರಕೂನನ ಕಿವಿಗೆ ಅದೇ ರೂಢಿ. ರೇಶನ್ ಕಾರ್ಡಿನಲ್ಲಿ ನೀಲಾವತಿ. ಆಧಾರದಲ್ಲಿ ಗಂಡನ ಹೆಸರು ನಡುವೆ, ಅಡ್ಡಹೆಸರು ಕೊನೆಗೆ. ಬ್ಯಾಂಕಿನ ಪುಸ್ತಕದಲ್ಲಿ ಅಡ್ಡಹೆಸರೇ ಮೊದಲು. ಗಂಡ ಬದುಕಿರುವವರೆಗೆ ಈ ಐದು ಹೆಂಗಸರೂ ಒಬ್ಬಳೇ. ಅವನು ಕಣ್ಣು ಮುಚ್ಚಿದ ದಿನದಿಂದ ಅವರು ಐವರು. ತಾನು ಆ ಒಬ್ಬಳೇ ಎಂಬದನ್ನು ಅವಳು ಸಿದ್ಧಪಡಿಸಬೇಕು.

ಇದು ಕಲ್ಪನೆಯ ಮಾತಲ್ಲ. ನಾವು ನೌಕರಿಯಲ್ಲಿದ್ದಾಗ ಒಬ್ಬ ಸಿಪಾಯಿಯ ಹೆಂಡತಿ, ಗಂಡ ತೀರಿದ ಎರಡನೆಯ ತಿಂಗಳಲ್ಲಿ, ಒಂದು ಅರಿವೆಯ ಚೀಲದಲ್ಲಿ ಮನೆಯ ಕಾಗದಗಳನ್ನೆಲ್ಲ ತುಂಬಿಕೊಂಡು ನಮ್ಮ ಮೇಜಿನ ಮುಂದೆ ಬಂದು ನಿಂತಳು. ಕಾಗದಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಅವುಗಳಲ್ಲಿ ವಿದ್ಯುತ್ ಬಿಲ್ಲೂ ಇದ್ದಿತು, ಮಗನ ಲಸಿಕೆಯ ಚೀಟಿಯೂ ಇದ್ದಿತು. ಕೊನೆಗೆ, “ಅಣ್ಣಾ, ಇದರಾಗ ನನ್ನ ಹೆಸರು ಎಲ್ಲಿ ಅದ, ಅಷ್ಟು ತೋರಸ್ರಿ. ಅವರು ‘ಎಲ್ಲಾ ಬರಸೀನಿ, ಅಂಜಬ್ಯಾಡ’ ಅಂದಿದ್ರು” ಎಂದಳು. ಅವನು ಬರೆಯಿಸಿದ್ದು ನಿಜ. ಆದರೆ ಅವನು ಬರೆಯಿಸಿದ್ದು ಮದುವೆಗೆ ಮೊದಲು. ನಾಮನಿರ್ದೇಶನದಲ್ಲಿದ್ದ ಹೆಸರು ಅವನ ತಾಯಿಯದು, ಆ ತಾಯಿ ತೀರಿ ಹನ್ನೊಂದು ವರ್ಷ. ಕುಟುಂಬದ ಯಾದಿಯಲ್ಲಿ ಹೆಂಡತಿಯ ಹೆಸರಿತ್ತು, ಅವಳು ಉತ್ತರ ಕೊಡದ ಹೆಸರು. ನಾವು ಅವಳಿಗೆ ಕಾಗದವನ್ನು ತೋರಿಸಿದೆವು. ಅವಳಿಗೆ ಓದಲು ಬರುತ್ತಿರಲಿಲ್ಲ. ಆ ಅಕ್ಷರಗಳ ಮೇಲೆ ಬೆರಳಿಟ್ಟು, “ಇದು ನಾನೇ ಏನ್ರಿ?” ಎಂದು ಕೇಳಿದಳು. ಪ್ರತಿಜ್ಞಾಪತ್ರ, ಊರಿನ ಪಂಚರ ಹೇಳಿಕೆ, ತವರಿನ ಶಾಲೆಯ ದಾಖಲೆ ಇವನ್ನೆಲ್ಲ ಕೂಡಿಸುವದರಲ್ಲಿ ಎರಡು ವರ್ಷಗಳು ಕಳೆದವು. ಆ ಎರಡು ವರ್ಷ ಅವಳು ಪರರ ಹೊಲದಲ್ಲಿ ಕಳೆ ಕಿತ್ತಳು. ಹಣ ಬಂದಾಗ ಹಿಂದಿನ ಬಾಕಿಯೆಲ್ಲ ಬಂದಿತು. ಅಷ್ಟರಲ್ಲಿ ಶಾಲೆ ಬಿಟ್ಟ ಮಗನು ಮಾತ್ರ ಮತ್ತೆ ಶಾಲೆಗೆ ಹೋಗಲಿಲ್ಲ.

ನಾಮನಿರ್ದೇಶನದ ಮಾತು ಬಂದುದರಿಂದ ಇನ್ನೊಂದನ್ನು ನೆನೆಯಲೇಬೇಕು. 1993ರ ಸೆಪ್ಟೆಂಬರ 30ರ ನಸುಕಿನಲ್ಲಿ, ನಾಲ್ಕು ಬಡಿಯುವದಕ್ಕೆ ಮೊದಲು, ಕಿಲ್ಲಾರಿಯ ಭೂಕಂಪವಾಯಿತು. ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ಜನ. ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರು ಮೊದಲಾದ ಊರುಗಳಲ್ಲಿ ಕಲ್ಲುಮಣ್ಣಿನ ಗೋಡೆಗಳು ಕುಸಿದು ಹತ್ತು ಸಾವಿರದ ಸಮೀಪ ಜನ ಮಡಿದರು. ಆ ದುಃಖವನ್ನು ಇಲ್ಲಿ ಮತ್ತೆ ಕೆದಕುವದು ನಮ್ಮ ಉದ್ದೇಶವಲ್ಲ. ಆದರೆ ಗಂಡಹೆಂಡಿರಿಬ್ಬರೂ ಒಂದೇ ಮಾಳಿಗೆಯಡಿ ಹೋಗಿ, ಉಳಿದ ಕೂಸುಗಳನ್ನು ಅಜ್ಜಿಯೋ ಸೋದರಮಾವನೋ ಎತ್ತಿಕೊಂಡ ಮನೆಗಳನ್ನು ನಮ್ಮ ಸೀಮೆಯ ಎಲ್ಲರೂ ಬಲ್ಲರು. ಉಪದಾನದ ನಾಮನಿರ್ದೇಶನದ ನಮೂನೆಯಲ್ಲಿ ಒಂದು ಕಾಲಮು ಉಂಟು: ನಾಮನಿರ್ದೇಶಿತರು ನೌಕರನಿಗಿಂತ ಮೊದಲೇ ತೀರಿದರೆ ಹಕ್ಕು ಯಾರಿಗೆ ಹೋಗಬೇಕು ಎಂಬದು. ನೂರರಲ್ಲಿ ಬಹಳ ಜನ ಆ ಕಾಲಮಿನಲ್ಲಿ ಅಡ್ಡಗೆರೆ ಎಳೆದು ಬಿಡುವದನ್ನು ನಾವು ನೋಡಿದ್ದೇವೆ. ಅಮಂಗಳದ ಮಾತೇಕೆಂದು ಅವರ ಭಾವನೆ. ಕಿಲ್ಲಾರಿಯನ್ನು ಕಂಡ ಸೀಮೆಯ ಜನ ಆ ಕಾಲಮನ್ನು ಖಾಲಿ ಬಿಡಬಾರದು.

ಇಷ್ಟೆಲ್ಲ ಬುದ್ಧಿ ಹೇಳುವ ನಾವು ನಮ್ಮ ಮನೆಯಲ್ಲಿ ಏನು ಮಾಡಿದೆವು? ಸಭೆಯ ಮುಂದೆ ಒಪ್ಪಿಕೊಳ್ಳುವದರಲ್ಲಿ ನಾಚಿಕೆಯಿಲ್ಲ. ಆ ತಾಯಿಯ ಪ್ರಕರಣವನ್ನು ಕೈಯಾರೆ ಬರೆದು ಕಳಿಸಿದ ಮೇಲೆಯೂ ನಮ್ಮ ಸ್ವಂತ ಪುಸ್ತಕವನ್ನು ನಾವು ಬಿಚ್ಚಿ ನೋಡಲಿಲ್ಲ. ದೀಪದ ಬುಡದಲ್ಲಿಯೇ ಕತ್ತಲೆ. ನಿವೃತ್ತಿಗೆ ಹದಿನಾಲ್ಕು ತಿಂಗಳಿರುವಾಗ ನೋಡಿದರೆ, ನಮ್ಮ ಮನೆಯವರ ಹೆಸರಿನ ಮುಂದೆ ನಮ್ಮ ತಂಗಿಯ ಜನ್ಮ ವರ್ಷ ಬಿದ್ದಿತ್ತು, ಅಕ್ಷರ ನಮ್ಮದೇ. ತಿದ್ದಿಸಲು ನಾಲ್ಕು ತಿಂಗಳು ಹಿಡಿಯಿತು. ಆ ರಾತ್ರಿ ಮೊದಲ ಸಲ ಕಾಗದಗಳನ್ನೆಲ್ಲ ಮುಂದಿಟ್ಟುಕೊಂಡು ಮನೆಯವರಿಗೆ ಕನ್ನಡದಲ್ಲಿ ಓದಿ ಹೇಳಿದೆವು. ಅವರು ಎಲ್ಲವನ್ನೂ ಕೇಳಿ, “ಮೂವತ್ತು ವರ್ಷ ಊರ ಮಂದಿಗೆಲ್ಲ ಹೇಳಿದ್ದನ್ನ ಮನ್ಯಾಗ ಇವತ್ತ ಹೇಳಿದ್ರಿ” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದು ನಾವು ಒಂದು ಇನ್ನೂರು ಪುಟದ ವಹಿಯನ್ನು ತಂದು ಮನೆಯ ಪುಸ್ತಕವೆಂದು ಹೆಸರಿಟ್ಟೆವು. ಅದರಲ್ಲಿ ಕನ್ನಡದಲ್ಲಿ ಬರೆದುದಿಷ್ಟು: ಸೇವೆಗೆ ಸೇರಿದ ದಿನ, ದುಡಿದ ಕಚೇರಿಗಳು, ಪಿ.ಪಿ.ಓ. ಸಂಖ್ಯೆ, ಖಜಾನೆಯ ಹೆಸರು, ಬ್ಯಾಂಕಿನ ಖಾತೆ, ಅಂಶರಾಶೀಕರಣದ ತಾರೀಖು, ಮತ್ತು ನಾವು ಇಲ್ಲವಾದ ದಿನ ಮನೆಯವರು ಮಾಡಬೇಕಾದ ಕೆಲಸಗಳ ಕ್ರಮ. ಮೊದಲು ಮರಣದ ದಾಖಲೆಯ ಹಲವು ಪ್ರತಿಗಳನ್ನು ಪಡೆಯುವದು, ಬಳಿಕ ಪಿ.ಪಿ.ಓ.ದೊಡನೆ ಖಜಾನೆಗೂ ಬ್ಯಾಂಕಿಗೂ ಅರ್ಜಿ ಕೊಡುವದು. ಕುಟುಂಬ ನಿವೃತ್ತಿವೇತನದ ಮೊತ್ತವೂ ಹೆಂಡತಿಯ ಹೆಸರೂ ಸಾಮಾನ್ಯವಾಗಿ ಅದೇ ಆದೇಶದಲ್ಲಿ ನಮೂದಾಗಿರುತ್ತವೆ. ಹೆಸರು ಸರಿಯಾಗಿದ್ದರೆ ಹೊಸದಾಗಿ ಅಲೆಯುವ ಕಾರಣವಿಲ್ಲ. ಖಾತೆಯನ್ನು ಗಂಡಹೆಂಡಿರ ಜಂಟಿ ಹೆಸರಿನಲ್ಲಿಟ್ಟರೆ ಇನ್ನೂ ಸುಲಭ.

ಇನ್ನು ಭಾಷೆಯ ಮಾತು. ಮಹಾರಾಷ್ಟ್ರದ ರಾಜ್ಯಭಾಷೆ ಮರಾಠಿ. ನಮಗೆ ಅನ್ನ ಕೊಟ್ಟ ಭಾಷೆ. ಅದರ ಮೇಲೆ ನಮಗೆ ಮುನಿಸಿಲ್ಲ. ಅರ್ಜಿಗಳನ್ನು ಅಚ್ಚುಕಟ್ಟಾದ ಮರಾಠಿಯಲ್ಲಿ ಬರೆಯುವದನ್ನು ನಮ್ಮ ಮಕ್ಕಳು ಕಲಿಯಲಿ. ಹಾಗೆಯೇ ನಮ್ಮ ಸಂವಿಧಾನದ 350ನೆಯ ಅನುಚ್ಛೇದವು, ತನಗಾದ ಅನ್ಯಾಯದ ಪರಿಹಾರಕ್ಕಾಗಿ ಯಾವನೇ ವ್ಯಕ್ತಿ ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವದೇ ಭಾಷೆಯಲ್ಲಿ ಅಧಿಕಾರಿಗೆ ಮನವಿ ಸಲ್ಲಿಸಬಹುದೆಂದು ಹೇಳಿದೆ ಎಂಬದನ್ನೂ ಅವರು ತಿಳಿಯಲಿ. ಮರಾಠಿ ಬಾರದ ಮುದುಕಿಯೊಬ್ಬಳು ತನ್ನ ದುಃಖವನ್ನು ಕನ್ನಡದಲ್ಲಿ ಬರೆಯಿಸಿದರೆ ಅದು ಅಪರಾಧವಲ್ಲ. ಆದರೆ ವ್ಯವಹಾರದ ವಿವೇಕವೆಂದರೆ ಕಚೇರಿಗೆ ಮರಾಠಿಯಲ್ಲಿ, ಮನೆಗೆ ಕನ್ನಡದಲ್ಲಿ, ಎರಡು ಕಡೆಯೂ ಒಂದೇ ಹೆಸರಿನಲ್ಲಿ. ಅಧಿಕಾರಿಯು ಓದಬಲ್ಲ ಅರ್ಜಿ ಬೇಗ ಸಾಗುವದು. ಮನೆಯವರು ಓದಬಲ್ಲ ಪ್ರತಿ ಕಳೆಯದೆ ಉಳಿಯುವದು.

ಸಭೆಯಲ್ಲಿ ತರುಣ ನೌಕರರೂ ಇದ್ದಾರೆ. ಮಹಾರಾಷ್ಟ್ರದಲ್ಲಿ 2005ರ ನವೆಂಬರ 1ರಿಂದಲೂ, ಗಡಿಯಾಚೆ ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದಲೂ ಸೇವೆಗೆ ಸೇರಿದವರು ಹೊಸ ಯೋಜನೆಗೆ ಒಳಪಟ್ಟರು. ಅವರ ಸಂಬಳದಲ್ಲಿ ಒಂದು ಪಾಲು ಕಡಿತವಾಗಿ, ಸರಕಾರದ ಪಾಲಿನೊಡನೆ ಅವರ ಹೆಸರಿನ ಖಾತೆಯಲ್ಲಿ ಬೆಳೆಯುತ್ತದೆ. ಹಳೆಯ ಯೋಜನೆ ಒಳ್ಳೆಯದೋ ಹೊಸದು ಒಳ್ಳೆಯದೋ ಎಂಬ ವಾದಕ್ಕೆ ಇದು ಸ್ಥಳವಲ್ಲ. ಆದರೆ ‘ನಮಗೆ ಪೆನ್ಶನ್ ಇಲ್ಲ, ಕಾಗದವೂ ಬೇಡ’ ಎಂಬ ಉದಾಸೀನ ಸಲ್ಲದು. ಸೇವೆಯಲ್ಲಿರುವಾಗಲೇ ತೀರಿಕೊಂಡ ಇಂಥ ನೌಕರರ ಮನೆಯವರಿಗೆ ಕುಟುಂಬ ನಿವೃತ್ತಿವೇತನದ ದಾರಿಯನ್ನು ಮಹಾರಾಷ್ಟ್ರ ಸರಕಾರವು 2023ರಲ್ಲಿ ತೆರೆಯಿತು. ಅದಕ್ಕೆ ನೌಕರನು ವಿಕಲ್ಪವನ್ನು ಬರೆದುಕೊಡಬೇಕು. ಬರೆದುಕೊಟ್ಟಿದ್ದೀರಾ? ಖಾತೆಯ ನಾಮನಿರ್ದೇಶನವನ್ನು ಮದುವೆಯಾದ ಮೇಲೆ ಬದಲಿಸಿದ್ದೀರಾ? ಇಂದು ರಾತ್ರಿ ಊಟಕ್ಕೆ ಕುಳಿತಾಗ ಈ ಎರಡು ಪ್ರಶ್ನೆಗಳನ್ನು ನಿಮ್ಮ ಮನೆಯವರೇ ನಿಮಗೆ ಕೇಳಲಿ.

ನಿವೃತ್ತರಾದವರು ಪ್ರತಿ ನವೆಂಬರದಲ್ಲಿ ತಾವು ಬದುಕಿದ್ದೇವೆಂದು ಸಾಕ್ಷಿ ಕೊಡಬೇಕು. ಮರಾಠಿಯಲ್ಲಿ ಇದಕ್ಕೆ ‘ಹಯಾತಿಯ ದಾಖಲೆ’ ಎನ್ನುತ್ತಾರೆ. ಬ್ಯಾಂಕಿಗೆ ಹೋಗಿ ಸಹಿ ಮಾಡಬಹುದು. 2014ರಿಂದ ಬೆರಳಿನ ಗುರುತು ಹಿಡಿದು ‘ಜೀವನ ಪ್ರಮಾಣ’ವನ್ನು ಕೊಡುವ ಏರ್ಪಾಡೂ ಬಂದಿದೆ. ಮಣ್ಣು ಮುಟ್ಟಿ ಸವೆದ ಬೆರಳುಗಳ ಗುರುತನ್ನು ಯಂತ್ರವು ಹಿಡಿಯದಿದ್ದರೆ ಅಂಜಬೇಕಾಗಿಲ್ಲ, ಕಾಗದದ ದಾರಿ ಇದ್ದೇ ಇದೆ. ಮತ್ತೊಂದು ಎಚ್ಚರಿಕೆ: ಖಜಾನೆಯಿಂದ ಮಾತನಾಡುತ್ತೇವೆಂದು ದೂರವಾಣಿ ಮಾಡಿ ಓ.ಟಿ.ಪಿ. ಕೇಳುವವರು ಖಜಾನೆಯವರಲ್ಲ, ಕಳ್ಳರು. ಇಂಥವರಿಗೆ ಯಾವ ಅಂಕಿಯನ್ನೂ ಹೇಳಬೇಡಿರಿ.

ಕೊನೆಯದಾಗಿ ಸಂಘಕ್ಕೆ ಒಂದು ವಿನಂತಿ. ನಮ್ಮಲ್ಲಿ ನಿವೃತ್ತ ಕಾರಕೂನರೂ ಮುಖ್ಯಾಧ್ಯಾಪಕರೂ ಹಲವರಿದ್ದೇವೆ. ತಿಂಗಳಿಗೊಂದು ರವಿವಾರ, ಸಂಘದ ಕೋಣೆಯಲ್ಲಿ ಎರಡು ತಾಸು ಕುಳಿತು, ಬಂದವರ ಕಾಗದಗಳನ್ನು ಓದಿ ಕನ್ನಡದಲ್ಲಿ ಅರ್ಥ ಹೇಳೋಣ. ಹೆಸರುಗಳನ್ನು ತಾಳೆ ನೋಡೋಣ. ಮರಾಠಿ ಅರ್ಜಿ ಬರೆದುಕೊಡೋಣ. ಇದಕ್ಕೆ ಹಣ ಬೇಡ, ಒಂದು ಮೇಜು ಮತ್ತು ತಾಳ್ಮೆ ಸಾಕು. ಕಾಗದ ತರುವ ನೌಕರನು ಒಬ್ಬನೇ ಬರಬಾರದು, ಮನೆಯವರನ್ನು ಕರೆದುಕೊಂಡು ಬರಬೇಕೆಂಬ ಒಂದೇ ನಿಯಮವಿರಲಿ. ಮೊದಲ ರವಿವಾರದಿಂದ ನಾವು ಕುಳಿತುಕೊಳ್ಳಲು ಸಿದ್ಧರಿದ್ದೇವೆ.

ಕನ್ನಡವನ್ನು ಉಳಿಸುವದು ಹಾಡಿನಿಂದಲೂ ಆಗುವದು, ಹಬ್ಬದಿಂದಲೂ ಆಗುವದು. ಚೀಲದ ತುಂಬ ಕಾಗದ ಹೊತ್ತು ಬಂದ ಹೆಣ್ಣುಮಗಳೊಬ್ಬಳಿಗೆ ಅವಳ ಹೆಸರನ್ನು ತೋರಿಸಿ, “ಅಹುದು ತಾಯಿ, ಇದು ನೀವೇ” ಎಂದು ಅವಳ ಮಾತಿನಲ್ಲಿ ಹೇಳುವದರಿಂದಲೂ ಆಗುವದು.